ಆಳ ಕಡಲಿನ ಹವಳದ ಸೂಕ್ಷ್ಮಜೀವಿಗಳನ್ನೂ ಲೆಕ್ಕಕ್ಕೆ ಹಿಡಿಯಿರಿ: ಭೂವಿಜ್ಞಾನ ಸಚಿವಾಲಯಕ್ಕೆ ಕಲಬುರಗಿಯಿಂದ ಬಹಿರಂಗ ಪತ್ರ

ಗೆ,
ಕಾರ್ಯದರ್ಶಿಗಳು,
ಭೂವಿಜ್ಞಾನ ಸಚಿವಾಲಯ, ಭಾರತ ಸರ್ಕಾರ,
ನವದೆಹಲಿ

ವಿಷಯ: ಸಮುದ್ರ ತಳದ ಗಣಿ ಶೋಧಕ್ಕೆ ಮೊದಲು ತಣ್ಣೀರ ಹವಳ ಮತ್ತು ಅದರ ಸೂಕ್ಷ್ಮಜೀವಿಗಳ ಸಮೀಕ್ಷೆ ನಡೆಸುವ ಬಗ್ಗೆ

ಮಾನ್ಯರೇ,

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು ನಾನು. ನಿಮ್ಮ ಸಚಿವಾಲಯದ ಆಳ ಸಮುದ್ರ ಶೋಧ ಯೋಜನೆಯಾದ ಡೀಪ್ ಓಷನ್ ಮಿಷನ್ ಬಗ್ಗೆ ನನ್ನದೊಂದು ಬೇಡಿಕೆ ಇದೆ. ನಮ್ಮ ಯಂತ್ರಗಳು ಆಳ ಸಮುದ್ರದ ಬೆಟ್ಟಗಳನ್ನು ಮುಟ್ಟುವ ಮೊದಲು, ಅಲ್ಲಿ ತಣ್ಣೀರ ಹವಳ ಇದೆಯಾ ಎಂದು ನೋಡಿ. ಇದ್ದರೆ, ಆ ಹವಳದ ಮೈಮೇಲೆ, ಮೈಯೊಳಗೆ, ಪಕ್ಕದ ಸ್ಪಂಜು ಎಂಬ ಕಡಲ ಪ್ರಾಣಿಯಲ್ಲಿ, ಕೆಳಗಿನ ಕೆಸರಿನಲ್ಲಿ ಯಾವ ಸೂಕ್ಷ್ಮಜೀವಿಗಳಿವೆ, ಅವು ಅಲ್ಲಿ ಏನು ಕೆಲಸ ಮಾಡುತ್ತಿವೆ ಎಂಬುದನ್ನು ದಾಖಲಿಸಿ. ಆ ದಾಖಲೆಯನ್ನು ಎಲ್ಲರಿಗೂ ತೆರೆದಿಡಿ. ಈ ಕೆಲಸದಲ್ಲಿ ಸಮುದ್ರದಿಂದ ದೂರ ಇರುವ ನಮ್ಮಂಥ ಊರಿನ ಕಾಲೇಜುಗಳಿಗೂ ಪಾಲು ಕೊಡಿ.

ಇದನ್ನೇ ಒಂದು ಅರ್ಜಿ ಮಾಡಿ ಅಂಚೆಗೆ ಹಾಕಬಹುದಿತ್ತು. ಆದರೆ ಈ ವಿಷಯ ನಮ್ಮ ಭಾಗದ ಜನರಿಗೂ ತಿಳಿಯಬೇಕು ಅನ್ನುವುದು ನನ್ನ ಆಸೆ. ಹವಳ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಲಕ್ಷದ್ವೀಪದ ತಿಳಿನೀರು, ಬಣ್ಣದ ಮೀನು, ಮೇಲಿಂದ ಬೀಳುವ ಬಿಸಿಲು. ಕತ್ತಲಲ್ಲಿ, ಚಳಿಯಲ್ಲಿ, ನೂರಾರು ಮೀಟರ್ ಆಳದಲ್ಲಿ ಬೆಳೆಯುವ ಹವಳವೂ ಇದೆ ಎಂದು ನನ್ನ ವಿದ್ಯಾರ್ಥಿಗಳಲ್ಲೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪಠ್ಯದಲ್ಲಿ ಇಲ್ಲದ ಮೇಲೆ ಅವರಿಗಾದರೂ ಹೇಗೆ ಗೊತ್ತಾಗಬೇಕು?

ಇನ್ನೊಂದು ಕಾರಣವೂ ಇದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಸಮುದ್ರದ ಸೂಕ್ಷ್ಮಜೀವಿಗಳ ಬಗೆಗಿನ ಬೇಸಿಗೆ ತರಬೇತಿಗೆ ಅರ್ಜಿ ಹಾಕಿದ್ದಳು. ಸಂದರ್ಶನದಲ್ಲಿ ಅವಳಿಗೆ ಬಂದ ಮೊದಲ ಪ್ರಶ್ನೆ: "ಕಲಬುರಗಿಯವಳಿಗೆ ಸಮುದ್ರದ ಉಸಾಬರಿ ಯಾಕಮ್ಮ?" ಚಿಂಚೋಳಿ ಕಡೆಯ ಹುಡುಗಿ. ಉತ್ತರ ಗೊತ್ತಿದ್ದರೂ ಬಾಯಿಗೆ ಬರಲಿಲ್ಲ. ಅವಳ ಪರವಾಗಿ ಆ ಉತ್ತರವನ್ನು ನಾನು ಇಲ್ಲಿ ಬರೆಯುತ್ತೇನೆ.

ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಫರ್ಸಿ ಒಂದು ಕಾಲದ ಸಮುದ್ರದ ತಳ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಯಾವುದಾದರೂ ಖಣಿಯ ಅಂಚಿನಲ್ಲಿ ನಿಂತು ನೋಡಿ. ಬೂದು ಬಣ್ಣದ ಪದರದ ಮೇಲೆ ಪದರ, ಸಪಾಟಾಗಿ ಕೂತಿದೆ. ಉಳಿ ಇಟ್ಟು ಬಡಿದರೆ ಪದರದ ಗುಂಟ ಬಿಟ್ಟುಕೊಳ್ಳುತ್ತದೆ. ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಮುಂಚೆ, 50 ಕೋಟಿ ವರ್ಷಕ್ಕಿಂತ ಹಿಂದೆ ಇಲ್ಲಿ ಸಮುದ್ರ ಇತ್ತು. ಆಗ ಕಡಲಿನ ಬದುಕೆಂದರೆ ಬಹುಪಾಲು ಸೂಕ್ಷ್ಮಜೀವಿಗಳದ್ದೇ. ಆ ನೀರಿನಲ್ಲಿ ತಳಕ್ಕೆ ಕೂತ ಸುಣ್ಣದ ಕೆಸರು ಗಟ್ಟಿಯಾಗಿ ಇವತ್ತಿನ ಫರ್ಸಿಯಾಗಿದೆ. ಹವಳದ ಅಸ್ಥಿ ಕೂಡ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಇನ್ನು ನೀರಿನ ಲೆಕ್ಕ ಹಿಡಿದರೆ, ನಮ್ಮ ಕಾಗಿಣಾ ಭೀಮೆಗೆ ಸೇರುತ್ತದೆ, ಭೀಮೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಸಿಮೆಂಟ್ ಫ್ಯಾಕ್ಟರಿಗಳ ಮಾತು ಮುಂದೆ ಬರುತ್ತದೆ.

ಈಗ ಹವಳದ ವಿಷಯ. ತಣ್ಣೀರ ಹವಳಗಳಲ್ಲಿ ಹೆಚ್ಚು ಅಧ್ಯಯನ ಆಗಿರುವುದು ಲೋಫೀಲಿಯಾ ಪರ್ಟೂಸಾ. 2016ರಿಂದ ವಿಜ್ಞಾನಿಗಳು ಇದನ್ನು ಡೆಸ್ಮೋಫಿಲ್ಲಮ್ ಪರ್ಟೂಸಮ್ ಎಂದು ಕರೆಯುತ್ತಾರೆ. 4ರಿಂದ 12 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಸಾಮಾನ್ಯವಾಗಿ 200ರಿಂದ 1,000 ಮೀಟರ್ ಆಳದಲ್ಲಿ ಬದುಕುತ್ತದೆ. ನಮ್ಮ ಲ್ಯಾಬಿನ ಫ್ರಿಜ್ ನಾವು ಇಡುವುದು 4 ಡಿಗ್ರಿಯಲ್ಲಿ. ಮೇ ತಿಂಗಳಲ್ಲಿ ಹೊರಗೆ 43, 44 ಡಿಗ್ರಿ ಇರುವಾಗ ಆ ಬಾಗಿಲು ತೆಗೆದು ಕೈ ಇಟ್ಟರೆ ಎಂಥ ಚಳಿಯೋ, ಅಂಥ ಚಳಿಯಲ್ಲಿ ಈ ಪ್ರಾಣಿ ಸಾವಿರಾರು ವರ್ಷ ಗೂಡು ಕಟ್ಟಿದೆ. ಬೆಳೆಯುವುದು ತೀರಾ ನಿಧಾನ, ವರ್ಷಕ್ಕೆ 5ರಿಂದ 25 ಮಿಲಿಮೀಟರ್ ಅಷ್ಟೇ. ಆದರೂ ನಾರ್ವೆಯ ಲೊಫೋಟೆನ್ ದ್ವೀಪಗಳ ಹತ್ತಿರ 2002ರಲ್ಲಿ ಸಿಕ್ಕ, ಈ ಹವಳ ಕಟ್ಟಿದ ರೋಸ್ಟ್ ದಿಬ್ಬದ ಉದ್ದ 35 ಕಿಲೋಮೀಟರ್‌ಗೂ ಜಾಸ್ತಿ. ಅಮೆರಿಕದ ಆಗ್ನೇಯ ತೀರದಾಚೆ ಬ್ಲೇಕ್ ಪ್ರಸ್ಥಭೂಮಿಯಲ್ಲಿ ಇಂಥ ಹವಳದ ದಿಬ್ಬಗಳ ನಕ್ಷೆ 2024ರ ಜನವರಿಯಲ್ಲಿ ಪ್ರಕಟವಾಯಿತು. ಸುಮಾರು 500 ಕಿಲೋಮೀಟರ್ ಉದ್ದ, 110 ಕಿಲೋಮೀಟರ್ ಅಗಲದ ಜಾಗ. ಎಣಿಸಿದ ದಿಬ್ಬಗಳು 83,908. ಇಷ್ಟು ದೊಡ್ಡದು ಇಷ್ಟು ದಿನ ನಮ್ಮ ನಕ್ಷೆಗೇ ಬಂದಿರಲಿಲ್ಲ ಅಂದರೆ ಸಮುದ್ರದ ತಳದ ಬಗ್ಗೆ ನಮ್ಮ ತಿಳಿವಳಿಕೆ ಎಷ್ಟು ಅನ್ನುವುದು ಗೊತ್ತಾಗುತ್ತದೆ, ಅಲ್ವಾ?

ಬಿಸಿಲಿನ ಹವಳಕ್ಕೆ ಅದರ ಮೈಯೊಳಗಿನ ಪಾಚಿ ಊಟ ತಯಾರಿಸಿ ಕೊಡುತ್ತದೆ. ಆಳದಲ್ಲಿ ಬೆಳಕಿಲ್ಲ, ಹಾಗಾಗಿ ಪಾಚಿಯೂ ಇಲ್ಲ. ಮೇಲಿನ ನೀರಿನಿಂದ ಉದುರುವ ಸತ್ತ ಜೀವಿಗಳ ಚೂರು, ಮಲದ ಕಣ, ಹರಿವಿನಲ್ಲಿ ಬರುವ ಸಣ್ಣ ಪ್ರಾಣಿಗಳು, ಇವೇ ಅದರ ಊಟ. ಇಷ್ಟು ಕಡಿಮೆ ಆಹಾರದಲ್ಲಿ ಈಶಾನ್ಯ ಅಟ್ಲಾಂಟಿಕ್‌ನ ಲೋಫೀಲಿಯಾ ದಿಬ್ಬಗಳಲ್ಲಿ 1,300ಕ್ಕೂ ಹೆಚ್ಚು ಬಗೆಯ ಜೀವಿಗಳು ಹೇಗೆ ಬದುಕುತ್ತವೆ? ಸುತ್ತಲಿನ ಬರೀ ಕೆಸರಿನ ತಳಕ್ಕಿಂತ ಈ ದಿಬ್ಬಗಳು ಹಲವು ಪಟ್ಟು ಹೆಚ್ಚು ಆಮ್ಲಜನಕ ಬಳಸುತ್ತವೆ. ಅಂದರೆ ಅಲ್ಲಿ ಅಷ್ಟು ಊಟ, ಅಷ್ಟು ದುಡಿಮೆ ನಡೆದಿದೆ. ಆ ಊಟ ಕೈಯಿಂದ ಕೈಗೆ ದಾಟುವ ದಾರಿಯಲ್ಲಿ ಹೆಜ್ಜೆ ಹೆಜ್ಜೆಗೂ ಸೂಕ್ಷ್ಮಜೀವಿಗಳಿವೆ.

ಹವಳ ತನ್ನ ಮೈಯಿಂದ ಸದಾ ಲೋಳೆ ಬಿಡುತ್ತದೆ. ಮೈಮೇಲೆ ಕೂತ ಕೆಸರನ್ನು ಜಾರಿಸಲು, ಕಣಗಳನ್ನು ಹಿಡಿಯಲು, ತನ್ನನ್ನು ಕಾಪಾಡಿಕೊಳ್ಳಲು ಅದಕ್ಕೆ ಲೋಳೆ ಬೇಕು. ಈ ಲೋಳೆಯ ಒಂದು ಪಾಲು ನೀರಿನಲ್ಲಿ ಕರಗಿ ಹೋಗುತ್ತದೆ. ಕರಗಿದ ಆಹಾರವನ್ನು ಮೀನೋ ಏಡಿಯೋ ಹಿಡಿದು ತಿನ್ನಲಾರದು. ಬ್ಯಾಕ್ಟೀರಿಯಾ ತಿನ್ನುತ್ತವೆ. ಸುತ್ತಲಿನ ನೀರಿಗೆ ಹವಳದ ಲೋಳೆ ಸೇರಿದಾಗ ಅಲ್ಲಿನ ಸೂಕ್ಷ್ಮಜೀವಿಗಳ ಉಸಿರಾಟ ಚುರುಕಾಗುವುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಇನ್ನೊಂದು ಪಾಲನ್ನು ಸ್ಪಂಜುಗಳು, ತಮ್ಮೊಳಗಿನ ಸೂಕ್ಷ್ಮಜೀವಿಗಳ ನೆರವಿನಿಂದಲೂ, ಹೀರಿಕೊಳ್ಳುತ್ತವೆ. ಸ್ಪಂಜು ತನ್ನ ಹಳೆಯ ಜೀವಕೋಶಗಳನ್ನು ಉದುರಿಸುತ್ತದೆ. ಉದುರಿದ್ದನ್ನು ಹುಳುಗಳು, ಸಣ್ಣ ಸಿಗಡಿ ಜಾತಿಯವು ತಿನ್ನುತ್ತವೆ, ಅವನ್ನು ದೊಡ್ಡವು ತಿನ್ನುತ್ತವೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಗುರುತು ಹಾಕಿದ ಇಂಗಾಲ ಮತ್ತು ಸಾರಜನಕದಿಂದ ಹಿಂಬಾಲಿಸಿ ತೋರಿಸಿತು. ಕೆಂಪು ಸಮುದ್ರದ ಬೆಚ್ಚನೆಯ ಹವಳ, ನಾರ್ವೆಯ ತಣ್ಣೀರ ಹವಳ, ಎರಡು ಕಡೆಯೂ ಲೋಳೆ ಸ್ಪಂಜಿಗೆ ಹೋಗಿ, ಸ್ಪಂಜಿನಿಂದ ಚೂರಾಗಿ ಹೊರಬಂತು. ನೀರಿನಲ್ಲಿ ಕರಗಿ ಕೈತಪ್ಪಿ ಹೋಗಬೇಕಿದ್ದ ಆಹಾರವನ್ನು ದಿಬ್ಬ ಹೀಗೆ ತನ್ನೊಳಗೇ ಉಳಿಸಿಕೊಳ್ಳುತ್ತದೆ. ಈ ಸರಪಳಿ ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾ ಇಳಿಸಿ ಹವಳ, ಮೀನು ಎಣಿಸಿ ವಾಪಸ್ ಬಂದರೆ ಇದು ದಾಖಲೆಗೇ ಬರುವುದಿಲ್ಲ. ನನ್ನ ಚಿಂತೆ ಇರುವುದು ಇಲ್ಲೇ.

ಸಾರಜನಕದ ಕತೆ ನಮ್ಮ ಭಾಗದವರಿಗೆ ಬೇಗ ಅರ್ಥ ಆಗುತ್ತದೆ, ಯಾಕೆಂದರೆ ನಾವು ತೊಗರಿ ಬೆಳೆಯುವವರು. ಬಿತ್ತುವ ಮುಂಚೆ ಬೆಲ್ಲದ ಪಾಕ ಕಾಯಿಸಿ ಆರಿಸುತ್ತಾರೆ. ಅದರಲ್ಲಿ ರೈಜೋಬಿಯಂ ಪುಡಿ ಕಲಸಿ, ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ ಬಿತ್ತುತ್ತಾರೆ. ಗಿಡ ಒಂದಿಷ್ಟು ಬೆಳೆದ ಮೇಲೆ ಬೇರು ಕಿತ್ತು ನೋಡಿದರೆ ಕಾಳಿನಷ್ಟು ಸಣ್ಣ ಗಂಟುಗಳು. ಉಗುರಿನಿಂದ ಒಡೆದರೆ ಒಳಗೆ ತಿಳಿಗೆಂಪು. ಬಣ್ಣ ಹಾಗಿದ್ದರೆ ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತಿವೆ ಎಂದು ಲೆಕ್ಕ. ಕತ್ತಲ ಸಮುದ್ರದ ಲೋಫೀಲಿಯಾದಲ್ಲೂ ಇಂಥದ್ದೇ ಕೆಲಸ ನಡೆಯುತ್ತದೆ ಎಂದು 2015ರಲ್ಲಿ ಗೊತ್ತಾಯಿತು. ಹವಳದಲ್ಲಿ ಗಂಟು ಇಲ್ಲ, ಆದರೆ ಅದರ ಜೊತೆಗಿರುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಸಾರಜನಕವನ್ನು ಹಿಡಿದು ಪೋಷಕಾಂಶ ಮಾಡುತ್ತವೆ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಬೆಳಕಿಲ್ಲದೆ, ಬರೀ ರಾಸಾಯನಿಕ ಶಕ್ತಿಯಿಂದ ಇಂಗಾಲವನ್ನು ಆಹಾರವಾಗಿ ಮಾಡಿಕೊಳ್ಳುವ ಕೆಲಸವೂ ಹವಳದ ಮೈಯಲ್ಲಿ ನಡೆದಿತ್ತು. ಮೇಲಿನಿಂದ ಊಟ ಉದುರದ ದಿನಗಳಲ್ಲಿ ಈ ಸಣ್ಣ ಸಂಪಾದನೆಯೂ ಲೆಕ್ಕಕ್ಕೆ ಬರುತ್ತದೆ.

ಪಕ್ಕದ ಸ್ಪಂಜುಗಳ ಒಳಗೆ ಇನ್ನೂ ದೊಡ್ಡ ಕಾರ್ಖಾನೆ ಇದೆ. ಕೆಲವು ಜಾತಿಯ ಸ್ಪಂಜುಗಳ ಮೈಯಲ್ಲಿ ಮೂರನೇ ಒಂದು ಪಾಲಿನಷ್ಟು ಸೂಕ್ಷ್ಮಜೀವಿಗಳೇ ತುಂಬಿರುತ್ತವೆ. ನಾರ್ವೆ ಕಡೆಯ ತಣ್ಣೀರಿನಲ್ಲಿ ಸಿಗುವ ಜಿಯೋಡಿಯಾ ಬ್ಯಾರೆಟಿ ಎಂಬ ಸ್ಪಂಜಿನ ಬಗ್ಗೆ 2009ರಲ್ಲಿ ಬಂದ ಸಂಶೋಧನೆ ನನಗೆ ತುಂಬಾ ಇಷ್ಟ. ಒಂದೇ ಪ್ರಾಣಿಯ ಒಳಗೆ ಅಮೋನಿಯಾವನ್ನು ನೈಟ್ರೇಟ್ ಮಾಡುವವರೂ ಇದ್ದಾರೆ, ನೈಟ್ರೇಟನ್ನು ಮತ್ತೆ ಅನಿಲ ಮಾಡಿ ಬಿಡುವವರೂ ಇದ್ದಾರೆ. ಸ್ಪಂಜಿನ ಕೆಲವು ಭಾಗದಲ್ಲಿ ಆಮ್ಲಜನಕ ಇರುತ್ತದೆ, ಕೆಲವು ಭಾಗದಲ್ಲಿ ಇರುವುದಿಲ್ಲ. ಎರಡು ಬಗೆಯ ಸೂಕ್ಷ್ಮಜೀವಿಗಳಿಗೂ ಅಲ್ಲೇ ಜಾಗ. ದಿಬ್ಬದ ಸಾವಿರಾರು ಪ್ರಾಣಿಗಳು ಹೊರಹಾಕುವ ಅಮೋನಿಯಾ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಭಾಗ ಇಲ್ಲಿದೆ.

ಇನ್ನು ಹವಳದ ಮೈಯಲ್ಲಿ ಯಾರು ಯಾರು ಇದ್ದಾರೆ ಎಂಬ ವಿಚಾರ. ಲೋಫೀಲಿಯಾದ ಲೋಳೆಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಸಮೂಹ, ಮಾಂಸದಲ್ಲಿ ಇನ್ನೊಂದು, ಅಸ್ಥಿಯಲ್ಲಿ ಮತ್ತೊಂದು. ಸುತ್ತಲಿನ ನೀರಿನಲ್ಲಿ ಇರುವವೇ ಬೇರೆ. ಊರು ಬದಲಾದರೆ ಈ ಸಮೂಹವೂ ಬದಲಾಗುತ್ತದೆ. ಹವಳದ ಗ್ರಹಣಾಂಗಗಳ ಮೇಲೆ ಮೈಕೋಪ್ಲಾಸ್ಮಾ ಕುಲದ ಒಂದು ಬ್ಯಾಕ್ಟೀರಿಯಾ ವಾಸ ಮಾಡುತ್ತದೆ. ನಮಗೆ ಮೈಕೋಪ್ಲಾಸ್ಮಾ ಅಂದರೆ ನ್ಯುಮೋನಿಯಾದ ನೆನಪು. ಹವಳಕ್ಕೆ ಅದರಿಂದ ತೊಂದರೆ ಆದ ಹಾಗೆ ಕಾಣುವುದಿಲ್ಲ. ಇದನ್ನೆಲ್ಲ ಅಗಾರ್ ತಟ್ಟೆಯಲ್ಲಿ ಬೆಳೆಸಿ ನೋಡುತ್ತೇವೆ ಅಂದರೆ ಆಗದ ಮಾತು. ಸಮುದ್ರದ ಸೂಕ್ಷ್ಮಜೀವಿಗಳಲ್ಲಿ ನೂರಕ್ಕೆ ಒಂದೂ ನಮ್ಮ ಸಾಮಾನ್ಯ ತಟ್ಟೆಗಳಲ್ಲಿ ಬೆಳೆಯುವುದಿಲ್ಲ. ಹಾಗಾಗಿಯೇ ಡಿಎನ್‌ಎ ಓದಬೇಕು. ಆದರೆ ಡಿಎನ್‌ಎ ಓದಿ ಹೆಸರಿನ ಪಟ್ಟಿ ಮಾಡಿದರೆ ಅರ್ಧ ಕೆಲಸ ಅಷ್ಟೇ. ಹಡಗಿನ ಮೇಲೆ, ಅಲ್ಲಿನದೇ ಚಳಿಯಲ್ಲಿ ಇಟ್ಟು, ಎಷ್ಟು ಆಮ್ಲಜನಕ ಬಳಸುತ್ತವೆ, ಎಷ್ಟು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ ಎಂದು ಅಳೆಯಲೇಬೇಕು.

ಅಳೆದು ನೋಡದೆ ಅಂದಾಜಿನಲ್ಲಿ ಹೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಈ ಕ್ಷೇತ್ರದಲ್ಲೇ ಒಂದು ಉದಾಹರಣೆ ಇದೆ. ಸಮುದ್ರ ತಳದಿಂದ ಸೋರುವ ಮೀಥೇನ್‌ನಂಥ ಅನಿಲವನ್ನು ತಿನ್ನುವ ಸೂಕ್ಷ್ಮಜೀವಿಗಳಿಂದಲೇ ಈ ಹವಳದ ದಿಬ್ಬಗಳು ಹುಟ್ಟಿದವು ಎಂದು ಕೆಲವರು ವಾದಿಸಿದ್ದರು. ಕೇಳಲು ಚೆನ್ನಾಗಿತ್ತು. 2005ರಲ್ಲಿ ಐರ್ಲೆಂಡ್‌ನ ನೈರುತ್ಯಕ್ಕಿರುವ ಚಾಲೆಂಜರ್ ದಿಬ್ಬವನ್ನು ಅಂತಾರಾಷ್ಟ್ರೀಯ ತಂಡವೊಂದು ತಳದವರೆಗೆ ಕೊರೆಯಿತು. ಎತ್ತರ 155 ಮೀಟರ್, ಬುಡದ ವಯಸ್ಸು ಸುಮಾರು 26 ಲಕ್ಷ ವರ್ಷ. ದಿಬ್ಬ ಹುಟ್ಟಿದ್ದು ಅನಿಲ ಸೋರಿಕೆಯಿಂದ ಅನ್ನುವುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಆದರೆ ದಿಬ್ಬದ ಹೊಟ್ಟೆಯೊಳಗಿನ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಇದ್ದವು. ಒಂದು ಊಹೆ ಬಿತ್ತು, ಸೂಕ್ಷ್ಮಜೀವಿಗಳ ಬೇರೆಯೇ ಪಾತ್ರ ಕಾಣಿಸಿತು. ಕೊರೆದು ನೋಡಿದ್ದರಿಂದ ತಾನೇ ಇದು ತಿಳಿದದ್ದು?

ಈಗ ಸಿಮೆಂಟ್ ಫ್ಯಾಕ್ಟರಿಗಳ ಮಾತಿಗೆ ಬರುತ್ತೇನೆ. ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಅಪ್ಪಟ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ. 44 ಕಿಲೋ ಗಾಳಿಗೆ. ಒಲೆ ಉರಿಸಿದ ಕಲ್ಲಿದ್ದಲಿನ ಹೊಗೆ ಬೇರೆ. ಜಗತ್ತಿನಲ್ಲಿ ಮನುಷ್ಯರು ಬಿಡುವ ಈ ಅನಿಲದಲ್ಲಿ ಸುಮಾರು ನಾಲ್ಕನೇ ಒಂದು ಪಾಲನ್ನು ಸಮುದ್ರ ಹೀರಿಕೊಳ್ಳುತ್ತಿದೆ. ಹೀರಿಕೊಂಡಷ್ಟೂ ನೀರಿನ ಆಮ್ಲ ಗುಣ ಹೆಚ್ಚುತ್ತದೆ. ಬಚ್ಚಲು ತೊಳೆಯುವ ಆಸಿಡ್ ಒಂದು ಹನಿ ಫರ್ಸಿ ಮೇಲೆ ಬಿದ್ದರೆ ಚುರ್ ಎಂದು ನೊರೆ ಬಂದು ಬಿಳಿ ಕಲೆ ಉಳಿಯುವುದು ನಮ್ಮಲ್ಲಿ ಎಲ್ಲ ಮನೆಯವರಿಗೂ ಗೊತ್ತು. ಸಮುದ್ರದಲ್ಲಿ ಆಗುವುದು ಅಷ್ಟು ಜೋರಾಗಿ ಅಲ್ಲ. ಆದರೆ ಸುಣ್ಣಕ್ಕೂ ಆಮ್ಲಕ್ಕೂ ಇರುವ ಜಗಳ ಒಂದೇ. 50 ಕೋಟಿ ವರ್ಷಕ್ಕಿಂತ ಹಿಂದೆ ಒಂದು ಸಮುದ್ರ ಕಲ್ಲಿನಲ್ಲಿ ಹಿಡಿದಿಟ್ಟ ಇಂಗಾಲವನ್ನು ನಾವು ವಾಡಿ, ಸೇಡಂನಲ್ಲಿ ಬಿಡಿಸಿ ಇವತ್ತಿನ ಸಮುದ್ರಕ್ಕೆ ಕಳಿಸುತ್ತಿದ್ದೇವೆ. ಫ್ಯಾಕ್ಟರಿ ಮುಚ್ಚಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ದುಡಿಯುವವರ ಮಕ್ಕಳೇ ನನ್ನ ಕ್ಲಾಸಿನಲ್ಲಿ ಕೂತಿದ್ದಾರೆ. ಆದರೆ ಕಲಬುರಗಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಮುಂದೆ ಯಾರೂ ಕೇಳಬಾರದು.

ಈ ಆಮ್ಲದಿಂದ ಆಳದ ಹವಳಕ್ಕೆ ಎರಡು ಕಡೆಯಿಂದ ಪೆಟ್ಟು. ಹವಳದ ಅಸ್ಥಿ ಆರಗೋನೈಟ್ ಎಂಬ ರೂಪದ ಸುಣ್ಣ. ಶಹಾಬಾದ್ ಕಲ್ಲಿನ ಕ್ಯಾಲ್ಸೈಟ್‌ಗಿಂತ ಅದು ಬೇಗ ಕರಗುತ್ತದೆ. ಆಳದ ತಣ್ಣೀರಿನಲ್ಲಿ ಮೊದಲೇ ಸುಣ್ಣ ಉಳಿಯುವುದು ಕಷ್ಟ. ಈಗ ಗೊತ್ತಿರುವ ಆಳ ಹವಳದ ಜಾಗಗಳಲ್ಲಿ ಸುಮಾರು ಶೇ 70ರಷ್ಟು ಈ ಶತಮಾನದ ಕೊನೆಗೆ ಆರಗೋನೈಟ್ ಕರಗುವ ನೀರಿನಲ್ಲಿ ಇರುತ್ತವೆ ಎಂದು 2006ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದರು. ದಿಬ್ಬದ ಬಹುಭಾಗ ಸತ್ತ ಅಸ್ಥಿ ಅನ್ನುವುದನ್ನು ಇಲ್ಲಿ ಮರೆಯಬಾರದು. ಜೀವಂತ ಹವಳ ಮೇಲಿನ ತುದಿಯಲ್ಲಿ ಮಾತ್ರ. ಅದಕ್ಕೆ ಮೈಯ ಹೊದಿಕೆ ಇದೆ. ಕೆಳಗಿನ ಅಸ್ಥಿ ಬೆತ್ತಲೆ. ಅದರ ಮೇಲೆ ಬ್ಯಾಕ್ಟೀರಿಯಾಗಳ ಪೊರೆ ಕಟ್ಟುತ್ತದೆ, ಒಳಗೆ ಶಿಲೀಂಧ್ರ, ಕೊರೆಯುವ ಸ್ಪಂಜು ಸೇರಿಕೊಳ್ಳುತ್ತವೆ. ಒಂದು ಕಡೆ ಅದು ನೂರಾರು ಜೀವಿಗಳಿಗೆ ಮನೆ, ಇನ್ನೊಂದು ಕಡೆ ದಿನಾ ಸವೆಯುವ ಗೋಡೆ. ನೀರಿನ ಆಮ್ಲ ಹೆಚ್ಚಿದರೆ ಮೊದಲು ತೂತು ಬೀಳುವುದು ಈ ಸತ್ತ ಅಸ್ಥಿಗೇ. ಮೇಲಿನ ಹವಳ ಚೆನ್ನಾಗಿದ್ದರೂ ಬುಡ ಕುಸಿದರೆ ದಿಬ್ಬ ನಿಲ್ಲುವುದಿಲ್ಲ. ಅಸ್ಥಿಯ ಮೇಲಿನ ಸೂಕ್ಷ್ಮಜೀವಿಗಳ ಪೊರೆ ಈ ಸವೆತವನ್ನು ಎಲ್ಲಿ ತಡೆಯುತ್ತದೆ, ಎಲ್ಲಿ ಹೆಚ್ಚಿಸುತ್ತದೆ ಎಂಬುದನ್ನು ನಮ್ಮ ಸಮುದ್ರದಲ್ಲೇ ನೋಡಿ ತಿಳಿಯಬೇಕು. ನಾರ್ವೆಯ ಉತ್ತರವನ್ನು ಸುಮ್ನೆ ತಂದು ಇಲ್ಲಿ ಅಂಟಿಸಿದರೆ ಆಗುವುದಿಲ್ಲ.

ಸೂಕ್ಷ್ಮಜೀವಿಗಳು ಯಾವಾಗಲೂ ಒಳ್ಳೆಯದನ್ನೇ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ. ನಾವು ಸಮತೋಲ ಕೆಡಿಸಿದಾಗ ಅವುಗಳ ಕೆಲಸವೇ ಹವಳದ ಮೇಲೆ ಬೀಳಬಹುದು. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆ ಬಾವಿ ಕೊರೆಯುವ ವೇದಿಕೆಯ ದುರಂತ ನಡೆಯಿತು. 11 ಜನ ಸತ್ತರು, ತಿಂಗಳುಗಟ್ಟಲೆ ಎಣ್ಣೆ ಸೋರಿತು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ಏಕಾಏಕಿ ಹೆಚ್ಚಿ ತಮ್ಮ ಪಾಲಿನ ಎಣ್ಣೆ ಕರಗಿಸಿದವು. ಜೊತೆಗೆ ಅವು ಬಿಟ್ಟ ಲೋಳೆಯಲ್ಲಿ ಎಣ್ಣೆಯ ಕಣಗಳು ಸಿಕ್ಕಿ, ಚೂರುಗಳಾಗಿ ತಳಕ್ಕೆ ಇಳಿದವು. ಆ ವರ್ಷದ ನವೆಂಬರ್‌ನಲ್ಲಿ ಬಾವಿಯಿಂದ 11 ಕಿಲೋಮೀಟರ್ ದೂರದಲ್ಲಿ, ಸುಮಾರು 1,370 ಮೀಟರ್ ಆಳದಲ್ಲಿ, ಹವಳಗಳ ಮೇಲೆ ಕಂದು ಬಣ್ಣದ ಚೂರುಗಳ ಪದರ ಕವಿದಿರುವುದು ಕಂಡಿತು. ಅದರಲ್ಲಿ ಆ ಬಾವಿಯ ಎಣ್ಣೆಯ ಕುರುಹು ಇತ್ತು. ಅಲ್ಲಿ ಮೊದಲು ಏನಿತ್ತು ಎಂಬ ದಾಖಲೆ ಚೆನ್ನಾಗಿದ್ದಷ್ಟೂ ನಂತರದ ನಷ್ಟವನ್ನು ಹೇಳುವುದು ಸುಲಭ. ದಾಖಲೆಯೇ ಇಲ್ಲದಿದ್ದರೆ ನಷ್ಟವೂ ಇಲ್ಲ ಎಂದು ಬರೆದುಬಿಡುತ್ತಾರೆ.

ಹಿಂದೂ ಮಹಾಸಾಗರದಲ್ಲೂ ತಣ್ಣೀರ ಹವಳ ಇದೆ. ಅದರ ನೈರುತ್ಯ ಭಾಗದ ಜಲಾಂತರ ಬೆಟ್ಟಗಳ ಮೇಲೆ ದಿಬ್ಬ ಕಟ್ಟುವ ಸೊಲೆನೊಸ್ಮಿಲಿಯಾ ಎಂಬ ಹವಳ ಬೆಳೆದಿದೆ. ನಮ್ಮ ಸುತ್ತಲಿನ ಆಳದ ಹವಳಗಳ ಕೆಲಸ ಬ್ರಿಟಿಷರ ಕಾಲದಲ್ಲೇ ಶುರುವಾಗಿತ್ತು. ಇನ್ವೆಸ್ಟಿಗೇಟರ್ ಎಂಬ ಸರ್ವೆ ಹಡಗು ಎತ್ತಿ ತಂದ ಹವಳಗಳ ವಿವರವನ್ನು ಆಲ್ಫ್ರೆಡ್ ಆಲ್ಕಾಕ್ 1898ರಲ್ಲಿ ಕಲ್ಕತ್ತಾದಿಂದ ಪ್ರಕಟಿಸಿದರು. ಅವರ ಕೈಯಲ್ಲಿದ್ದದ್ದು ಬಲೆ, ಸ್ಪಿರಿಟ್ ಬಾಟಲಿ. ನಮ್ಮ ಕೈಯಲ್ಲಿ ಏನೇನಿದೆ! 2021ರ ಜೂನ್‌ನಲ್ಲಿ ಸಂಪುಟ ಒಪ್ಪಿದ ಡೀಪ್ ಓಷನ್ ಮಿಷನ್‌ಗೆ ಐದು ವರ್ಷಕ್ಕೆ 4,077 ಕೋಟಿ ರೂಪಾಯಿ. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿರುವ ಮತ್ಸ್ಯ 6000 ಎಂಬ ಜಲಾಂತರ ವಾಹನ. ಇದನ್ನೆಲ್ಲ ಕ್ಲಾಸಿನಲ್ಲಿ ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ.

ನಿಮ್ಮ ಮಿಷನ್‌ನ ಜೀವವೈವಿಧ್ಯ ವಿಭಾಗದಲ್ಲಿ ಸೂಕ್ಷ್ಮಜೀವಿಗಳ ಹೆಸರೂ ಇದೆ. ಆದರೆ ಅಲ್ಲಿ ಒತ್ತು ಇರುವುದು ಅವುಗಳಿಂದ ಔಷಧಿ, ಕಿಣ್ವದಂಥ ಉಪಯೋಗದ ವಸ್ತು ಹುಡುಕುವ ಕಡೆಗೆ. ಹುಡುಕಿ, ಬೇಡ ಅನ್ನುವುದಿಲ್ಲ. ಅವು ನಮಗೆ ಏನು ಕೊಡುತ್ತವೆ ಎಂದು ಕೇಳುವ ಜೊತೆಗೆ, ಇದ್ದ ಜಾಗದಲ್ಲಿ ಅವು ಏನು ಮಾಡುತ್ತಿವೆ ಎಂದೂ ಕೇಳಿ. ಮೊದಲ ಪ್ರಶ್ನೆಗೆ ಸೀಸೆಯಲ್ಲಿ ಒಂದು ಸ್ಯಾಂಪಲ್ ಸಾಕು. ಎರಡನೆಯದಕ್ಕೆ ಇಡೀ ದಿಬ್ಬ ಹಾಗೇ ಇರಬೇಕು.

ಇದನ್ನು ಈಗಲೇ ಕೇಳುತ್ತಿರುವುದಕ್ಕೆ ಕಾರಣ ಅಫಾನಸಿ ನಿಕಿಟಿನ್ ಬೆಟ್ಟ. ಶ್ರೀಲಂಕಾದ ದಕ್ಷಿಣಕ್ಕೆ, ಭೂಮಧ್ಯರೇಖೆ ದಾಟಿ ಇರುವ ಈ ಜಲಾಂತರ ಬೆಟ್ಟದ ಕೋಬಾಲ್ಟ್ ಲೋಹವಿರುವ ಪದರದ ಶೋಧಕ್ಕೆ ಭಾರತ 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿದೆ. ಮಧ್ಯ ಹಿಂದೂ ಮಹಾಸಾಗರದಲ್ಲಿ ನಾವು ಹುಡುಕುತ್ತಿರುವ ಲೋಹದ ಗಂಟುಗಳು 5,000 ಮೀಟರ್ ಆಸುಪಾಸಿನ ಸಪಾಟು ಬಯಲಿನಲ್ಲಿವೆ. ದಿಬ್ಬ ಕಟ್ಟುವ ಹವಳದ ಜಾಗ ಅದಲ್ಲ, ಒಪ್ಪುತ್ತೇನೆ. ಆದರೆ ಜಲಾಂತರ ಬೆಟ್ಟಗಳ ಮಾತು ಬೇರೆ. ಅಲ್ಲಿ ಗಟ್ಟಿ ಕಲ್ಲಿದೆ, ನೀರಿನ ಹರಿವು ಜೋರು, ಹರಿವು ಊಟ ತರುತ್ತದೆ. ಜಗತ್ತಿನ ಎಷ್ಟೋ ಇಂಥ ಬೆಟ್ಟಗಳ ಮೇಲೆ ಹವಳ, ಸ್ಪಂಜು ನೆಲೆಸಿವೆ. ಕೋಬಾಲ್ಟ್ ಪದರ ತೆಗೆಯುವುದು ಅಂದರೆ ಆ ಕಲ್ಲಿನ ಮೇಲ್ಮೈಯನ್ನೇ ಕೆರೆದು ತೆಗೆಯುವುದು. ಕೆರೆದಾಗ ಏಳುವ ಕೆಸರು ಹರಿವಿನ ಜೊತೆ ಹೋಗಿ ಕೆಳಗಿನ ಹವಳಗಳ ಮೇಲೆ ಕೂರುತ್ತದೆ. ಲೋಳೆ ಬಿಟ್ಟು ಬಿಟ್ಟು ಮೈ ತೊಳೆದುಕೊಳ್ಳುವ ಶಕ್ತಿಗೂ ಒಂದು ಮಿತಿ ಇದೆ.

ಪ್ರಾಧಿಕಾರದ ಮಾರ್ಗಸೂಚಿಯಲ್ಲೂ ಸೂಕ್ಷ್ಮಜೀವಿಗಳ ಮೂಲ ಸಮೀಕ್ಷೆಯ ಮಾತು ಇದೆ. ಅದನ್ನು ಕಾಗದದ ಶಾಸ್ತ್ರ ಮಾಡಬೇಡಿ ಅನ್ನುವುದೇ ನನ್ನ ಕೋರಿಕೆ. ಹವಳ ಸಿಕ್ಕ ಕಡೆ ಜೀವಂತ ಕೊಂಬೆಯ ಲೋಳೆ, ಸತ್ತ ಅಸ್ಥಿ, ಸ್ಪಂಜು, ಕೆಸರು, ದಿಬ್ಬದ ಮೇಲಿನ ನೀರು, ದೂರದ ನೀರು, ಎಲ್ಲದರ ಸ್ಯಾಂಪಲ್ ಬೇರೆ ಬೇರೆ ತೆಗೆಯಿರಿ. ಹವಳವನ್ನು ಜಾಸ್ತಿ ಮುರಿಯದೆ ತೆಗೆಯಿರಿ. ಒಂದೇ ಸಲ ಹೋಗಿ ಬಂದರೆ ಸಾಲದು, ಮಳೆಗಾಲದ ಮುಂಚೆ ಮತ್ತು ನಂತರ ಮೇಲಿನಿಂದ ಉದುರುವ ಆಹಾರವೇ ಬದಲಾಗುತ್ತದೆ. ಅರಬ್ಬಿ ಸಮುದ್ರದ ಕಡೆಯೂ ನೋಡಿ. ಅಲ್ಲಿ ಸುಮಾರು 150ರಿಂದ 1,200 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ. ಅಂಥ ನೀರಿನಲ್ಲಿ ಹವಳ ಎಲ್ಲಿರುತ್ತದೆ ಎಂದು ಬಿಟ್ಟುಬಿಡುವುದು ಬೇಡ. ಆಫ್ರಿಕಾದ ಅಂಗೋಲಾ ತೀರದಾಚೆ ಬಹಳ ಕಡಿಮೆ ಆಮ್ಲಜನಕದಲ್ಲೂ ಲೋಫೀಲಿಯಾ ದಿಬ್ಬಗಳು ಚೆನ್ನಾಗಿ ಬೆಳೆದಿರುವುದು ಕಂಡಿದೆ.

ಹವಳ ಸಿಕ್ಕ ಮೇಲೆ ಆ ಜಾಗವನ್ನು ಬಿಟ್ಟುಬಿಡುವ ಧೈರ್ಯವೂ ಬೇಕು. ನಾರ್ವೆ 1999ರಲ್ಲೇ ಸೂಲಾ ದಿಬ್ಬದ ಮೇಲೆ ತಳ ಗೀಚುವ ಟ್ರಾಲ್ ಬಲೆಯನ್ನು ನಿಷೇಧಿಸಿತು. ಸ್ಕಾಟ್ಲೆಂಡ್‌ನ ವಾಯವ್ಯಕ್ಕಿರುವ ಡಾರ್ವಿನ್ ದಿಬ್ಬಗಳು ಸಿಕ್ಕಿದ್ದು 1998ರಲ್ಲಿ. 2003ರಲ್ಲಿ ತುರ್ತಾಗಿ, 2004ರಲ್ಲಿ ಕಾಯಂ ಆಗಿ ಅಲ್ಲಿ ಟ್ರಾಲಿಂಗ್ ನಿಲ್ಲಿಸಿದರು. ವರ್ಷಕ್ಕೆ ಬೆರಳಗಲ ಬೆಳೆಯುವ ಹವಳ ಒಂದು ಬಲೆಯ ಎಳೆತಕ್ಕೆ ಪುಡಿ. ದೇಶದ ಗಡಿಯಾಚೆಯ ಸಮುದ್ರದ ಜೀವವೈವಿಧ್ಯ ಒಪ್ಪಂದಕ್ಕೆ ಭಾರತ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದೆ. ಆ ಸಹಿಗೆ ತಕ್ಕ ಕೆಲಸ ಇದು.

ಕೊನೆಯ ಬೇಡಿಕೆ ನಮ್ಮ ಮಕ್ಕಳದ್ದು. ಸ್ಯಾಂಪಲ್ ಹಡಗಿಗೆ ಬರುವವರೆಗೆ ಸಮುದ್ರ ಬೇಕು. ಆಮೇಲೆ ಡಿಎನ್‌ಎ ತೆಗೆಯುವುದು, ಓದಿಸುವುದು, ಕಂಪ್ಯೂಟರ್‌ನಲ್ಲಿ ಜೋಡಿಸಿ ಯಾವ ಜೀನ್ ಏನು ಮಾಡುತ್ತದೆ ಎಂದು ನೋಡುವುದು, ಇದಕ್ಕೆಲ್ಲ ಸಮುದ್ರ ತೀರ ಬೇಕಿಲ್ಲ. ಸುನಾಮಿ ಎಚ್ಚರಿಕೆ ಕೊಡುವ ನಿಮ್ಮದೇ ಇನ್‌ಕಾಯ್ಸ್ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ. ಅಲ್ಲಿಯೂ ಸಮುದ್ರ ಇಲ್ಲ, ಕಲಬುರಗಿಯಿಂದ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಊರು. ಹಾಗಿದ್ದ ಮೇಲೆ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ, ಬೀದರ್, ಯಾದಗಿರಿಯ ಕಾಲೇಜುಗಳಿಗೆ ಈ ಕೆಲಸದಲ್ಲಿ ಜಾಗ ಯಾಕೆ ಇರಬಾರದು? ಬೇರೆ ದೇಶಗಳು ತಮ್ಮ ಹವಳದ ಸೂಕ್ಷ್ಮಜೀವಿಗಳ ಡಿಎನ್‌ಎ ದತ್ತಾಂಶವನ್ನು ಸಾರ್ವಜನಿಕ ಭಂಡಾರದಲ್ಲಿ ಇಟ್ಟಿವೆ. ನನ್ನ ವಿದ್ಯಾರ್ಥಿಗಳು ಅದನ್ನು ಇಳಿಸಿಕೊಂಡು ಕಲಿಯುತ್ತಾರೆ. ಅಟ್ಲಾಂಟಿಕ್‌ನದು ಸಿಗುತ್ತದೆ. ನಮ್ಮ ಸಮುದ್ರದ್ದೂ ಹಾಗೆ ಸಿಗಬೇಕು.

ಹಡಗಿನ ಪ್ರತಿ ಯಾತ್ರೆಯಲ್ಲಿ ಸಮುದ್ರ ಇಲ್ಲದ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಒಂದೆರಡು ಜಾಗ ಮೀಸಲಿಡಿ. ಅರ್ಜಿ ಕರೆಯುವಾಗ ನಮ್ಮ ಕಾಲೇಜುಗಳಿಗೂ ಪತ್ರ ಬರಲಿ. ತರಬೇತಿಯ ಪಾಠಗಳು ಕನ್ನಡದಲ್ಲೂ ಇರಲಿ, ಬರೆಯುವ ಕೆಲಸಕ್ಕೆ ನಾನೂ ಸೇರುತ್ತೇನೆ, ಸಂಬಳ ಬೇಡ. ನಮ್ಮ ವಿಭಾಗದಲ್ಲಿ ಆಟೋಕ್ಲೇವ್ ಇದೆ, 4 ಡಿಗ್ರಿಯ ಫ್ರಿಜ್ ಇದೆ, ದುಡಿಯುವ ಮಕ್ಕಳಿದ್ದಾರೆ. ಮೈನಸ್ 80 ಡಿಗ್ರಿಯ ಫ್ರೀಜರ್ ಇಲ್ಲ. ಅದೊಂದಕ್ಕೆ ನೆರವು ಬೇಕು.

ಅಫಾನಸಿ ನಿಕಿಟಿನ್ ಬೆಟ್ಟದ ಜೀವಿಗಳ ಬಗ್ಗೆ ಈವರೆಗೆ ಏನು ಸಮೀಕ್ಷೆ ಆಗಿದೆ, ಅದರಲ್ಲಿ ಹವಳ, ಸ್ಪಂಜು, ಸೂಕ್ಷ್ಮಜೀವಿಗಳ ಪಾಲೆಷ್ಟು, ಅದನ್ನು ಎಲ್ಲಿ ಓದಬಹುದು ಎಂದು ದಯವಿಟ್ಟು ತಿಳಿಸಿ. ಉತ್ತರವನ್ನೂ ಬಹಿರಂಗವಾಗಿಯೇ ಕೊಡಿ. ಮುಂದಿನ ಸೆಮಿಸ್ಟರ್‌ನಲ್ಲಿ ಅದನ್ನೇ ಕ್ಲಾಸಿನಲ್ಲಿ ಓದಿ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸೂಕ್ಷ್ಮಜೀವಿಶಾಸ್ತ್ರ ಉಪನ್ಯಾಸಕಿ,
ಕಲಬುರಗಿ